ನಾನು ಬರೆದ ನಲವತ್ತೆರಡು

ನಂಜನಗೂಡಿನಲ್ಲಿ ಸಂಜೆ ಹೊತ್ತು ಹೊಳೆಯ ಮೆಟ್ಟಿಲ ಮೇಲೆ ಕೂತು ಹರಟುವ ನಮ್ಮದೊಂದು ಗುಂಪಿದೆ. ಎಲ್ಲರೂ ಪೆನ್ಷನ್‌ನವರು. ಮಾತು ಮಂಡಿನೋವಿನಿಂದ ಶುರುವಾದರೂ ಕೊನೆಗೆ ತುಟ್ಟಿಭತ್ಯೆಗೆ ಬಂದು ನಿಲ್ಲುತ್ತದೆ. ಮೊನ್ನೆ ಒಬ್ಬರು, ಬ್ಯಾಂಕಿನಲ್ಲಿದ್ದವರು, ಒಂದು ಪ್ರಶ್ನೆ ಎಸೆದರು: "ನಿಜ ಹೇಳಿ, ಯಾವ ಕೆಲಸದವರಿಗೆ ದುಡಿದಷ್ಟು ಸಂಬಳ ಸಿಕ್ತಿಲ್ಲ?" ಅವರು ಬ್ಯಾಂಕಿನವರಿಗೆ ಅಂದರು. ಕಂಡಕ್ಟರ್ ಆಗಿದ್ದವರು ಕಂಡಕ್ಟರಿಗೆ ಅಂದರು. ನನ್ನ ಕಡೆ ತಿರುಗಿ, "ಮೇಡಂ ಅಂತೂ ಮೇಷ್ಟ್ರುಗಳಿಗೇ ಅಂತಾರೆ ಬಿಡಿ" ಎಂದು ನಕ್ಕರು. ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ ನಾನು. ಅವತ್ತು ಮಾತ್ರ ಬಾಯಿ ಬಿಡಲಿಲ್ಲ. ಉತ್ತರ ಗೊತ್ತಿತ್ತು. ಹೇಳಲು ಹೊರಟರೆ ಪೂರ್ತಿ ಹೇಳಬೇಕು, ಪೂರ್ತಿ ಹೇಳಿದರೆ ನನ್ನ ಮಾನ ಹೋಗುತ್ತದೆ. ಹೋದರೆ ಹೋಗಲಿ ಅಂತ ಈಗ ಬರೆಯಲು ಕೂತಿದ್ದೇನೆ.

ನಾನು ಪ್ರೈಮರಿ ಶಾಲೆಯ ಮೇಡಂ ಆಗಿದ್ದವಳು. ನಂಜನಗೂಡಿನಿಂದ ನರಸೀಪುರದ ಕಡೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋಗಿ, ಇಳಿದು ಗದ್ದೆ ಬದಿಯಲ್ಲಿ ನಡೆದರೆ ಸಿಗುವ ಊರಿನಲ್ಲಿ ನನ್ನ ಶಾಲೆ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು, ಆಗ ಅಲ್ಲಿ ಬಿಸಿಯೂಟ ಶುರುವಾಗಿ ಸ್ವಲ್ಪವೇ ದಿನವಾಗಿತ್ತು. ಮೊದಲು ಅಡುಗೆಗೆ ಬಂದ ಹುಡುಗಿ ಬಾಣಂತನಕ್ಕೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಒಂದು ವಾರ ನಾವು ಮೇಡಂಗಳೇ ಸೀರೆ ಎತ್ತಿಕಟ್ಟಿ ಅಡುಗೆ ಮಾಡಿದೆವು. ನಾನು ಮಾಡಿದ ದಿನ ಅನ್ನ ಅಡಿಯಲ್ಲಿ ಸೀದು, ಮೇಲೆ ಅಕ್ಕಿಯಾಗೇ ಉಳಿದಿತ್ತು. ನೂರಿಪ್ಪತ್ತು ಮಕ್ಕಳು ತಟ್ಟೆ ಹಿಡಿದು ಕೂತಿದ್ದವು. ಮನೆಯಲ್ಲಿ ನಾಲ್ಕು ಜನಕ್ಕೆ ಅಡುಗೆ ಮಾಡುವುದನ್ನೇ ಅಡುಗೆ ಅಂದುಕೊಂಡಿದ್ದ ನನ್ನ ಜಂಬ ಅವತ್ತೇ ಇಳಿಯಿತು.

ಶಾಲೆಯ ಸಮಿತಿಯ ಸಭೆ ಸೇರಿತು. ಎಲ್ಲ ಗಂಡಸರು. ಅಧ್ಯಕ್ಷರು ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದರು: "ನೋಡಿ ಮೇಡಮ್ಮೋರೆ, ಚಿಕ್ ವಯಸ್ಸಿನೋಳು ಬ್ಯಾಡವೇ ಬ್ಯಾಡ. ನಲವತ್ತು ದಾಟಿರ್ಬೇಕು. ಮತ್ತೆ ಬಾಣಂತನ ಗೀಣಂತನ ಅಂತ ಕೂತ್ಕಂಡ್ರೆ ನಮ್ ಮಕ್ಳು ಉಪಾಸ ಬೀಳ್ತವೆ." ಉಳಿದವರೆಲ್ಲ ತಲೆಯಾಡಿಸಿದರು.

ಕೆಲಸ ಕೇಳಿಕೊಂಡು ಬಂದವಳು ಒಬ್ಬಳೇ. ಬನ್ನೂರು ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಕಂಕುಳಲ್ಲಿ ಮೂರು ವರ್ಷದ ಹೆಣ್ಣುಮಗು. ಗಂಡ ಕಬ್ಬು ಕಡಿಯುವ ಕೂಲಿ. ವಯಸ್ಸೆಷ್ಟು ಅಂತ ಕೇಳಿದೆ. "ಮೂವತ್ತೆಂಟು ಕಣ್ ಮೇಡಮ್ಮೋರೆ" ಅಂದಳು. ಆಮೇಲೆ ಹತ್ತಿರ ಬಂದು ದನಿ ಇಳಿಸಿ, "ನಂಗೆ ಆಪ್ರೇಸನ್ ಆಗದೆ. ಇನ್ನು ಮಕ್ಳು ಆಗಾಕಿಲ್ಲ. ಅವ್ರಿಗೆ ಒಸಿ ಏಳಿ" ಅಂದಳು.

ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಆ ಗಂಡಸರ ಮುಂದೆ ಆಪರೇಷನ್ ಅನ್ನುವ ಮಾತು ಎತ್ತಲು ನನಗೆ ನಾಚಿಕೆ. ಮಕ್ಕಳಿಗೆ ಗದರಿಸುವಾಗ ಊರಿಗೆಲ್ಲ ಕೇಳುವ ಬಾಯಿ, ಅಲ್ಲಿ ಮುಚ್ಚಿಕೊಂಡಿತು. ವಯಸ್ಸು ಜಾಸ್ತಿ ಬರೆದರೆ ಆಯಿತಲ್ಲ, ಯಾರಿಗೇನು ನಷ್ಟ ಅಂದುಕೊಂಡೆ. ಮೇಷ್ಟ್ರುಗಳಾದ ನಮಗೆ ಇದು ಅಭ್ಯಾಸ. ಆಗೆಲ್ಲ ತಂದೆತಾಯಿ ಮಗುವನ್ನು ಸೇರಿಸಲು ಬಂದಾಗ ಹುಟ್ಟಿದ ದಿನ ಗೊತ್ತಿಲ್ಲ ಅಂದರೆ, ಮಗುವಿನ ಹಲ್ಲು ನೋಡಿ, ಎತ್ತರ ನೋಡಿ, ಜೂನ್ ಒಂದು ಅಂತ ಬರೆದುಬಿಡುತ್ತಿದ್ದೆವು. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಬಿಸಿಯೂಟದ ಕಾಗದಪತ್ರ ನೋಡಿಕೊಳ್ಳುವವಳು ನಾನೇ, ಹಾಗೆ ಅವತ್ತೂ ಅವಳ ನೇಮಕದ ಕಾಗದಕ್ಕೆ ಪೆನ್ನು ತೆಗೆದೆ. ನಲವತ್ತು ಬರೆದರೆ ಅನುಮಾನ ಬಂದೀತು ಅಂತ ಧಾರಾಳವಾಗಿ ನಲವತ್ತೆರಡು ಬರೆದೆ. ಕೆಳಗೆ ಸಹಿ ಹಾಕಿ, ಶಾಲೆಯ ಸೀಲು ಒತ್ತಿದೆ. ಅವಳ ಮುಖ ಅರಳಿತು. ಪುಣ್ಯದ ಕೆಲಸ ಮಾಡಿದೆ ಅಂತ ನಾನೂ ಬೀಗಿದೆ.

ಆಮೇಲೆ ಅವಳು ಹದಿನೆಂಟು ವರ್ಷ ಅಲ್ಲಿ ಅಡುಗೆ ಮಾಡಿದಳು. ಕಾಗದದ ಪ್ರಕಾರ ಅದು ಅರ್ಧ ದಿನದ ಕೆಲಸ. ಬಂದು ನೋಡಬೇಕಿತ್ತು, ಹಾಗೆ ಬರೆದವರು. ಬೆಳಿಗ್ಗೆ ನಾವು ಬಸ್ಸಿಳಿದು ಬರುವಷ್ಟರಲ್ಲಿ ಅವಳು ನೀರು ಹೊತ್ತು, ಕಸ ಹೊಡೆದು, ಬೇಳೆಗೆ ಇಟ್ಟಿರುತ್ತಿದ್ದಳು. ಮೊದಲ ವರ್ಷಗಳಲ್ಲಿ ಸೌದೆ ಒಲೆ. ಹಸಿ ಸೌದೆ ಬಂದ ದಿನ ಹೊಗೆಗೆ ಅವಳ ಕಣ್ಣು ಕೆಂಪು ಗೋಲಿಗಳಾಗುತ್ತಿದ್ದವು. ಅನ್ನದ ದಬರಿಯನ್ನು ಒಲೆಯಿಂದ ಇಳಿಸಿ ಗಂಜಿ ಬಸಿಯುವಾಗ ಎಡಗೈ ಮೇಲೆ ಚೆಲ್ಲಿ, ಮೊಣಕೈವರೆಗೆ ಚರ್ಮ ಸುಲಿದು ಹೋಗಿತ್ತು. ಮಾರನೇ ದಿನ ಬಟ್ಟೆ ಸುತ್ತಿಕೊಂಡು ಬಂದಳು. ಯಾಕೆ ಬಂದೆ ಅಂತ ಬೈದರೆ, "ನಾನ್ ಬರ್ಲಿಲ್ಲ ಅಂದ್ರೆ ನೀವ್ ಮಾಡ್ತೀರಿ. ಅದುನ್ನ ಮಕ್ಳು ತಿನ್ಬೇಕಲ್ಲ" ಅಂದಳು. ಶಾಲೆಯಲ್ಲಿ ನನ್ನ ಅನ್ನವನ್ನು ಆಡಿಕೊಳ್ಳುವ ಧೈರ್ಯ ಅವಳಿಗೊಬ್ಬಳಿಗೇ ಇತ್ತು.

ಸೋಮವಾರ ಮಾತ್ರ ಅವಳು ಅಕ್ಕಿ ಜಾಸ್ತಿ ಹಾಕುತ್ತಿದ್ದಳು. ದಾಸ್ತಾನು ನೋಡಿಕೊಳ್ಳುವವಳು ನಾನು. ಒಂದು ದಿನ ಹಿಡಿದುಕೊಂಡೆ: "ಏನಮ್ಮ ಇದು, ಇದ್ದಷ್ಟೇ ಮಕ್ಕಳಲ್ಲವಾ ಇವತ್ತೂ?" ಅವಳು ಸೌಟು ಕೆಳಗಿಡಲೂ ಇಲ್ಲ. "ಭಾನ್ವಾರ ಮನೇಲಿ ಏನ್ ಉಂಡಿರ್ತವೋ ಮೇಡಮ್ಮೋರೆ. ಸೋಮ್ವಾರ ಪ್ರಾರ್ತ್ನೆಗ್ ನಿಂತ್ಕಂಡಾಗ ಅವುಗಳ ಮೊಕ ನೋಡಿ, ಗೊತ್ತಾಯ್ತದೆ" ಅಂದಳು. ಮುಂದಿನ ಸೋಮವಾರ ನೋಡಿದೆ. ಎರಡನೇ ಸಲ ಬಡಿಸಿಕೊಳ್ಳಲು ಬಂದ ಸಾಲು ಬಾಗಿಲಾಚೆವರೆಗೆ ಇತ್ತು. ನಾನು ಅದೇ ಮಕ್ಕಳಿಗೆ ದಿನಾ ಪಾಠ ಮಾಡುತ್ತಿದ್ದವಳು, ನನಗದು ಕಂಡಿರಲೇ ಇಲ್ಲ. ಆಮೇಲೆ ಅಕ್ಕಿಯ ವಿಚಾರ ಎತ್ತಲಿಲ್ಲ.

ಇಷ್ಟಕ್ಕೆ ಅವಳಿಗೆ ಸಿಗುತ್ತಿದ್ದುದು ಗೌರವಧನ. ಸಂಬಳ ಅನ್ನುವ ಹಾಗಿಲ್ಲ, ಸಂಬಳ ಅಂದರೆ ರಜೆ ಕೊಡಬೇಕು, ಪೆನ್ಷನ್ ಕೊಡಬೇಕು. ಅವಳ ಇಡೀ ತಿಂಗಳ ಗೌರವಧನ ನನ್ನ ತುಟ್ಟಿಭತ್ಯೆಯ ಒಂದು ಚೂರಿಗೂ ಸಮ ಇರಲಿಲ್ಲ. ಬೇಸಿಗೆ ರಜೆಯಲ್ಲಿ ನನಗೆ ಮನೆಯಲ್ಲಿ ಕೂತರೂ ಸಂಬಳ ಬರುತ್ತಿತ್ತು, ಅವಳಿಗೆ ಅದೂ ಇಲ್ಲ, ಆ ತಿಂಗಳುಗಳಲ್ಲಿ ಕಬ್ಬಿನ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದಳು. ಹೊಟ್ಟೆ ಉರಿಯುತ್ತದೆ ಅಂತ ಸ್ಟಾಫ್ ರೂಮಿನಲ್ಲಿ ನಾನು ಎಷ್ಟೋ ಸಲ ಕೂಗಾಡಿದ್ದೇನೆ. ಕೂಗಾಡಿ, ಅವಳು ತಂದಿಟ್ಟ ಬಿಸಿ ಸಾಂಬಾರು ಕಲೆಸಿ ಉಂಡಿದ್ದೇನೆ.

ನಡುವೆ ಗಂಡ ತೀರಿಕೊಂಡ. ಮಗಳು ಬೆಳೆದಳು. ನಮ್ಮ ಶಾಲೆಯಲ್ಲೇ ಓದಿ, ಹೈಸ್ಕೂಲು, ಕಾಲೇಜು ದಾಟಿ, ಮೈಸೂರಿನಲ್ಲಿ ನರ್ಸಿಂಗ್ ಓದಲು ಸೇರಿದಳು. ಅವಳು ಸೇರಿದ ದಿನ ತಾಯಿ ಶಾಲೆಯ ಮಕ್ಕಳಿಗೆಲ್ಲ ಪಾಯಸ ಮಾಡಿದಳು, ಬೆಲ್ಲ ತನ್ನ ಮನೆಯದು. ಗೌರವಧನ ಅಷ್ಟೂ ಮಗಳ ಹಾಸ್ಟೆಲಿಗೆ ಹೋಗುತ್ತಿತ್ತು. ಹೊಟ್ಟೆಗೆ ಮಧ್ಯಾಹ್ನ ಶಾಲೆಯ ಊಟ, ರಾತ್ರಿಗೆ ರಾಗಿ ಇದ್ದರೆ ಮುದ್ದೆ. "ಮೂರೊರ್ಸ ಕಣ್ ಮೇಡಮ್ಮೋರೆ, ಕಣ್ಮುಚ್ಚಿ ಬುಡೋದ್ರೊಳ್ಗೆ ಓಯ್ತದೆ. ಬಿಳೇ ಸೀರೆ ಉಟ್ಕಂಡು ಬಂದು ನಿಮ್ಗೇ ಇಂಜೆಕ್ಸನ್ ಕೊಡ್ತಾಳೆ ನೋಡ್ತಿರಿ" ಅನ್ನುತ್ತಿದ್ದಳು.

ಮಗಳು ಎರಡನೇ ವರ್ಷಕ್ಕೆ ಕಾಲಿಟ್ಟಾಗ ಆದೇಶ ಬಂತು. ಅರವತ್ತು ತುಂಬಿದ ಅಡುಗೆಯವರನ್ನು ಕೆಲಸದಿಂದ ಬಿಡುಗಡೆ ಮಾಡಬೇಕು. ಪಟ್ಟಿಯಲ್ಲಿ ಅವಳ ಹೆಸರು ಇತ್ತು. ವಯಸ್ಸಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ಅವಳಿಗೆ ಐವತ್ತಾರು. ಅರವತ್ತು ಆಗಿದ್ದು ನಾನು ಬರೆದ ನಲವತ್ತೆರಡಕ್ಕೆ.

ಆಧಾರ್ ಕಾರ್ಡಿನಲ್ಲಿ ಸರಿ ಇರಬಹುದು ಅಂತ ತರಿಸಿ ನೋಡಿದೆ. ಅಲ್ಲೂ ಅದೇ. ಬ್ಯಾಂಕ್ ಖಾತೆ ತೆಗೆಯಲು ಶಾಲೆಯಿಂದ ಪತ್ರ ಕೊಟ್ಟವಳು ನಾನು, ಆ ಪತ್ರ ನೋಡಿ ಆಧಾರ್ ಬರೆದಿದ್ದರು, ಆಧಾರ್ ನೋಡಿ ರೇಷನ್ ಕಾರ್ಡು. ಒಂದು ಸುಳ್ಳನ್ನು ಒಂದು ಸಲ ಬರೆದರೆ ಸಾಕು, ಅದಕ್ಕೆ ಸಾಕ್ಷಿಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಥೂ, ನನ್ನ ಕೈಗಿಷ್ಟು ಬೆಂಕಿ ಹಾಕ ಅಂತ ನನ್ನನ್ನೇ ಬೈದುಕೊಂಡೆ. ಅವಳು ಮಾತ್ರ, "ನೀವು ಒಳ್ಳೇದ್ಕೇ ಬರುದ್ರಿ. ಇಲ್ದಿದ್ರೆ ನಂಗೆ ಕೆಲ್ಸವೇ ಸಿಕ್ತಿರ್ಲಿಲ್ಲ" ಅಂದಳು. ಆಮೇಲೆ ಮೆಲ್ಲಗೆ, "ಇನ್ನೊಂದೆಲ್ಡು ವರ್ಸ ಸಿಕ್ಬುಟ್ರೆ ಮಗಿನ ಓದು ಮುಗೀತಿತ್ತು" ಅಂದಳು.

ಅವಳು ತವರೂರಿನಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದಳು. ಹಾಗಿದ್ದರೆ ಅಲ್ಲಿ ದಾಖಲಾತಿ ಪುಸ್ತಕದಲ್ಲಿ ಅವಳ ಹುಟ್ಟಿದ ದಿನ ಇರಲೇಬೇಕು. ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಹೊರಟೆವು. ನರಸೀಪುರದಲ್ಲಿ ಬಸ್ ಬದಲಿಸಬೇಕು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅವಳು ಸಾಂಬಾರು ಬಾಯಿಗಿಟ್ಟು, "ಬೇಳೆ ಬೆಂದೇ ಇಲ್ಲ" ಅಂತ ಮೂಗು ಮುರಿದಳು. ನನಗೆ ನಗು ಬಂತು. ಅಲ್ಲಿಂದ ಬನ್ನೂರು, ಬನ್ನೂರಿನಿಂದ ಆಟೋದಲ್ಲಿ ಅವಳ ತವರೂರು. ಅಲ್ಲಿನ ಹೆಡ್‌ಮಾಸ್ಟರು ವಯಸ್ಸಿನಲ್ಲಿ ಚಿಕ್ಕವರು, ನಮಗಾಗಿ ಕಾದಿದ್ದರು. ತಗಡಿನ ಟ್ರಂಕಿನಿಂದ ಒಂದೊಂದೇ ಪುಸ್ತಕ ತೆಗೆದು ಧೂಳು ಕೊಡವಿ ಕೊಟ್ಟರು. ಒಂದು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಅವಳ ಹೆಸರು, ಅಪ್ಪನ ಹೆಸರು, ಮುಂದೆ ಜೂನ್ ಒಂದು. ವರ್ಷ ಲೆಕ್ಕ ಹಾಕಿದೆ. ಐವತ್ತಾರೇ. ಅವಳು ತನ್ನ ಹೆಸರಿನ ಮೇಲೆ ಬೆರಳಿಟ್ಟು, "ನಮ್ ಮೇಷ್ಟ್ರು ಬರ್ದಿರೋದು" ಅಂದಳು. ಹೆಡ್‌ಮಾಸ್ಟರು ನಕಲು ಬರೆದು, ಸೀಲು ಹಾಕಿಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಆ ಕಾಗದವನ್ನು ಸೆರಗಿನೊಳಗೆ ಹಿಡಿದುಕೊಂಡೇ ಕೂತಿದ್ದಳು. ಕೆಲಸ ಆಯಿತು ಅಂದುಕೊಂಡೆವು ಇಬ್ಬರೂ.

ಮುಂದಿನ ವಾರ ತಾಲ್ಲೂಕಿನ ಬಿಸಿಯೂಟದ ಅಧಿಕಾರಿಯ ಹತ್ತಿರ ಹೋದೆವು. ಒಳ್ಳೆಯ ಮನುಷ್ಯ. ಅವರ ಮೇಲೆ ನಾನು ಒಂದು ತಪ್ಪೂ ಹೊರಿಸುವುದಿಲ್ಲ. ನನಗೆ ಕುರ್ಚಿ ಹಾಕಿಸಿದರು. ಅವಳು ಗೋಡೆಗೆ ಒರಗಿ ನಿಂತಳು, ಕೂರಲು ಹೇಳಿದರೂ ಕೂರಲಿಲ್ಲ. ಅವರು ನಕಲನ್ನು ಎರಡು ಸಲ ಓದಿ, ನಮ್ಮ ಶಾಲೆಯ ಹಳೆಯ ದಾಖಲೆ ತೆಗೆಸಿ ನೋಡಿದರು.

"ಸರಿ ಮಾಡಬಹುದು ಮೇಡಂ. ಆದರೆ ಆಧಾರವಿಲ್ಲದೆ ನಲವತ್ತೆರಡು ಅಂತ ಬರೆದಿದ್ದು ತಪ್ಪು ಅಂತ, ಬರೆದವರು ಲಿಖಿತವಾಗಿ ಕೊಡಬೇಕು. ಇಲ್ಲಿ ಸಹಿ ನಿಮ್ಮದೇ ಇದೆಯಲ್ಲ?"

"ನನ್ನದೇ" ಅಂದೆ.

"ನಿಮ್ಮ ಸರ್ವೀಸು ಇನ್ನೆಷ್ಟಿದೆ?"

"ಒಂದು ವರ್ಷ ನಾಲ್ಕು ತಿಂಗಳು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ನೀವು ಬರೆದುಕೊಟ್ಟ ಕಾಗದ ಮೇಲಕ್ಕೆ ಹೋಗುತ್ತೆ. ಸುಳ್ಳು ದಾಖಲೆ ಅಂತ ಯಾರಾದರೂ ನೋಟಿಸು ಕೊಟ್ಟರೆ, ವಿಚಾರಣೆ ಅಂತ ಶುರುವಾದರೆ, ಅದು ಮುಗಿಯೋವರೆಗೂ ನಿಮ್ಮ ಪೆನ್ಷನ್ ಪೇಪರು ನಿಲ್ಲುತ್ತೆ. ಆಗದೇನೂ ಇರಬಹುದು. ಯೋಚನೆ ಮಾಡಿ ಬನ್ನಿ."

ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ. ಮತ್ತೆ ಹಾಕಿದೆ. "ಸೋಮವಾರ ಬರ್ತೀನಿ ಸರ್" ಅಂದೆ. ಹಿಂದಿರುಗಿ ನೋಡಿದಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. "ಮೂವತ್ಮೂರು ವರ್ಷ ದುಡಿದು ಈಗ ಹೊಳೆಗೆ ಹಾಕ್ತೀಯಾ? ಹುಚ್ಚು ಹಿಡಿದಿದೆಯಾ ನಿನಗೆ?" ಅಂದರು. ನಾನು ಅವರ ಮೇಲೆ ಹಾರಾಡಿದೆ, ನಿಮಗೆ ಕರುಣೆ ಅನ್ನೋದೇ ಇಲ್ಲ ಅಂದೆ. ಆದರೆ ಒಳಗೊಳಗೇ, ಇನ್ನೂ ಗಟ್ಟಿಯಾಗಿ ಬೇಡ ಅನ್ನಲಿ, ತಪ್ಪು ಅವರ ಮೇಲೆ ಹೋಗಲಿ ಅನ್ನಿಸುತ್ತಿತ್ತು. ಅಂಥ ಹೇಡಿ ನಾನು.

ಸೋಮವಾರ ಬಂತು. ಅವಳು ಎಂದಿನಂತೆ ಅಕ್ಕಿ ಜಾಸ್ತಿ ಹಾಕಿ ಅನ್ನಕ್ಕಿಟ್ಟಿದ್ದಳು. ಮಕ್ಕಳಿಗಿಂತ ಮೊದಲು ಮೇಡಂ ಊಟದ ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು ಅನ್ನುವುದು ನಿಯಮ. ತಟ್ಟೆಯಲ್ಲಿ ಒಂದು ಸೌಟು ಅನ್ನ, ಸಾಂಬಾರು ತಂದು ನನ್ನ ಮುಂದಿಟ್ಟಳು. ಇಟ್ಟು ಹೋಗಲಿಲ್ಲ.

"ಮೇಡಮ್ಮೋರೆ, ಆ ಕಾಗ್ದ ಬುಟ್ಬುಡಿ."

"ಯಾಕೆ? ಮಧ್ಯಾಹ್ನ ಹೋಗೋಣ ಅಂತಿದ್ದೆ" ಅಂದೆ. ಸುಳ್ಳು.

"ಬ್ಯಾಡ. ನೀವು ಇಷ್ಟೊರ್ಸ ಬಸ್ನಾಗೆ ಓಡಾಡಿ ದುಡ್ದಿದ್ದೀರಿ. ನನ್ನಿಂದ ಅದು ಆಳಾಗೋದು ಬ್ಯಾಡ. ನಂಗೆ ಅರ್ವತ್ತೇ ಅಂತ ಅನ್ಕಂಡುಬುಡಿ. ಊಟ ಆರೋಯ್ತದೆ, ತಿನ್ನಿ."

ಇಲ್ಲ, ನಾನು ಬರೆದುಕೊಡುತ್ತೇನೆ ಅಂತ ಒಂದು ಮಾತು ಬರಬೇಕಿತ್ತು ನನ್ನ ಬಾಯಿಂದ. ಬರಲಿಲ್ಲ. ಮುಚ್ಚಿಡದೆ ಹೇಳುತ್ತೇನೆ, ಆ ಕ್ಷಣ ನನಗೆ ಹಾಯೆನಿಸಿತು. ಅನ್ನ ಕಲೆಸಿ ಉಂಡೆ. ರುಚಿಯಾಗಿದೆ ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ತಿಂಗಳ ಕೊನೆಗೆ ಅವಳನ್ನು ಬಿಡುಗಡೆ ಮಾಡಿದೆವು. ನಾನೇ ಒಂದು ಶಾಲು ತಂದಿದ್ದೆ. ಸಮಿತಿಯ ಅಧ್ಯಕ್ಷರು ಹೊದಿಸಿ, "ಅರ್ವತ್ತಾದ್ರೂ ಎಂಗವ್ಳೆ ನೋಡಿ ನಮ್ಮವ್ವ, ಐವತ್ತರಂಗೆ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಅವಳು ದಬರಿಗಳನ್ನು ಬೆಳಗಿ ಬೋರಲು ಹಾಕಿ, ಸೌಟು, ಚಾಕು, ಬೀಗದ ಕೈ ಎಲ್ಲ ನನಗೆ ಒಪ್ಪಿಸಿ, ಮಕ್ಕಳ ತಲೆ ಸವರಿ ಹೋದಳು. ಅಷ್ಟು ವರ್ಷ ನೂರು ಮಕ್ಕಳ ಹೊಟ್ಟೆ ತುಂಬಿಸಿದವಳಿಗೆ ಅವತ್ತು ಮನೆಗೆ ಹೋಗುವಾಗ ಕೈಯಲ್ಲಿದ್ದುದು ಒಂದು ಶಾಲು ಮಾತ್ರ.

ಅವಳ ಬೀದಿಗೆ ತಲೆ ಹಾಕದೆ ಒಂದು ವರ್ಷ ನಾಲ್ಕು ತಿಂಗಳು ಕಳೆದು ನಾನೂ ನಿವೃತ್ತಳಾದೆ. ನನಗೆ ಹಾರ, ಬೆಳ್ಳಿ ದೀಪ, ಫೋಟೋ, ಊಟ. ಪೆನ್ಷನ್ ಒಂದು ದಿನವೂ ತಡವಾಗಲಿಲ್ಲ. ಅವಳ ಊರಿನ ಕಡೆ ಮತ್ತೆ ಹೋಗಲಿಲ್ಲ. ಹೋಗಬೇಕು ಅನ್ನಿಸಿದಾಗಲೆಲ್ಲ ಮಂಡಿನೋವಿನ ನೆಪ ಇತ್ತು.

ಈ ವರ್ಷ ಮಳೆಗಾಲ ಶುರುವಾದ ಮೇಲೆ ನಂಜನಗೂಡಿನ ಒಂದು ಕಲ್ಯಾಣಮಂಟಪದಲ್ಲಿ ಮದುವೆಗೆ ಹೋಗಿದ್ದೆ. ಊಟ ಮುಗಿದು, ಮಜ್ಜಿಗೆ ಕುಡಿದು ಕೈ ಕೊಡವುತ್ತಿದ್ದೆ. ಎಲೆ ಎತ್ತುವವಳು ಪ್ಲಾಸ್ಟಿಕ್ ಬಕೆಟ್ ಎಳೆದುಕೊಂಡು ಸಾಲಿನುದ್ದಕ್ಕೆ ಬಂದಳು. ಎಡಗೈ ಮೇಲೆ ಮೊಣಕೈವರೆಗೆ ಸುಟ್ಟ ಕಲೆ. ತಲೆ ಎತ್ತಿದೆ.

"ಅಯ್ಯೋ, ಮೇಡಮ್ಮೋರಾ! ಸೆಂದಾಗ್ ಉಂಡ್ರಾ? ಇನ್ನೊಸಿ ಪಾಯ್ಸ ಆಕುಸ್ಲಾ?" ಅಂದಳು. ಮುಖದ ತುಂಬ ನಗು. ತುಂಬಾ ಇಳಿದುಹೋಗಿದ್ದಳು.

ಮಗಳು ಹೇಗಿದ್ದಾಳೆ ಅಂತ ಕೇಳಿದೆ. "ತಾಂಡ್ಯದಾಗೆ ಫ್ಯಾಕ್ಟ್ರಿಲಿ ಪ್ಯಾಕಿಂಗು. ಎಲ್ಡ್ನೇ ವರ್ಸಕ್ಕೇ ಬುಟ್ಬುಟ್ಲು. ಫೀಜು ಕಟ್ಟಾಕ್ ಆಗ್ಲಿಲ್ಲ" ಅಂದಳು, ಪಕ್ಕದ ಎಲೆ ಎತ್ತುತ್ತಾ.

ನಾಲ್ಕು ವರ್ಷ ನುಂಗಿಕೊಂಡಿದ್ದುದು ಅಲ್ಲೇ, ಎಂಜಲು ಕೈಯಲ್ಲೇ ಹೊರಬಂತು. "ತಪ್ಪಾಯ್ತು ಕಣಮ್ಮ. ನಾನು ಹೆದರಿಬಿಟ್ಟೆ. ಈಗ ನನ್ನ ಪೆನ್ಷನ್ ಆಗಿದೆ, ಯಾರೂ ಏನೂ ಮಾಡೋ ಹಾಗಿಲ್ಲ. ನಾಳೇನೇ ಹೋಗೋಣ ಬಾ. ನಾನು ಬರೆದುಕೊಡ್ತೀನಿ, ನಿನ್ನ ಕೆಲಸ ನಿನಗೆ ಕೊಡಿಸ್ತೀನಿ."

ಅವಳು ಬಕೆಟ್ಟು ನೆಲಕ್ಕಿಟ್ಟಳು. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ವಾಸಿ. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ.

"ಏನಂತ ಬರ್ಕೊಡ್ತೀರಿ ಮೇಡಮ್ಮೋರೆ? ಈಗ ನಂಗೆ ನಿಜ್ವಾಗ್ಲೂ ಅರ್ವತ್ತಾಯ್ತಲ್ಲ" ಅಂದಳು.

ಆಮೇಲೆ ನನ್ನ ಎಲೆಯನ್ನೂ ಮಡಿಸಿ ಬಕೆಟಿಗೆ ಹಾಕಿಕೊಂಡು, ಮುಂದಿನ ಪಂಕ್ತಿಯವರು ಬಾಗಿಲಲ್ಲಿ ಕಾಯುತ್ತಿದ್ದರಿಂದ, ಬೇಗ ಬೇಗ ಪಕ್ಕದ ಸಾಲಿಗೆ ಹೋದಳು.